ಚರ್ಚಿನ ಹಿಂದಿನ ಗೇಟು

ತಿಪಟೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ವಿಜ್ಞಾನ ಮೇಳ, ಮೌಲ್ಯಮಾಪನ, ನೆಂಟರ ಮದುವೆ ಹೀಗೆ ಏನಾದರೊಂದು ಕೆಲಸ. ‘ಎಲ್ಲಿಗೆ ಮೇಷ್ಟ್ರೇ?’ ಎಂದು ಕೇಳಿದವರಿಗೆ ಉತ್ತರ ಹೇಳಲು ಎಂದೂ ತಡವರಿಸಿದವನಲ್ಲ. ಆದರೆ ಆ ಭಾನುವಾರ ಪ್ಲಾಟ್‌ಫಾರಂನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಹಾಗೆ ಕೇಳಿದಾಗ, ‘ತಮ್ಮನಿಗೆ ಕಣ್ಣು ತೋರಿಸಬೇಕಿತ್ತು’ ಎಂದುಬಿಟ್ಟೆ. ಪಕ್ಕದಲ್ಲಿದ್ದ ತಮ್ಮ ನೆಲ ನೋಡುತ್ತ ನಿಂತಿದ್ದ.

ನಾವು ಹೊರಟಿದ್ದು ಕುಡಿತ ಬಿಟ್ಟವರ, ಬಿಡಬೇಕೆನ್ನುವವರ ಸಭೆಯೊಂದನ್ನು ಹುಡುಕಿಕೊಂಡು. ತಮ್ಮನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅವನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಕುಡಿದು ಏಳಲಾಗದ ದಿನಗಳಲ್ಲಿ ‘ಜ್ವರ’ವೆಂದು ಅವನ ರಜಾ ಚೀಟಿ ಬರೆದುಕೊಡುತ್ತಿದ್ದವನು ನಾನು. ತರಗತಿಯಲ್ಲಿ ಸುಳ್ಳು ರಜಾ ಚೀಟಿ ತಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಅದೇ ಮೇಷ್ಟ್ರು! ಕೊನೆಗೆ ಪಿಯುಸಿ ಓದುವ ಅವನ ಮಗಳೇ, ‘ದೊಡ್ಡಪ್ಪ, ಈ ಸಲ ಜ್ವರ ಅಂತ ಬರೀಬೇಡಿ’ ಎಂದಳು. ಅಂದೇ ಅವನನ್ನು ಆಸ್ಪತ್ರೆಗೆ ಸೇರಿಸಿದೆವು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಮದ್ಯಸಾರ ಮಿದುಳಿನ ಚಟುವಟಿಕೆಯನ್ನು ಅದುಮುತ್ತದೆ. ದಿನವೂ ಹೀಗಾದಾಗ ಮಿದುಳು ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಳ್ಳುತ್ತದೆ. ವರ್ಷಗಟ್ಟಲೆ ವಿಪರೀತ ಕುಡಿದವರು ತಟ್ಟನೆ ನಿಲ್ಲಿಸಿದರೆ, ಅದುಮಿ ಹಿಡಿದ ಸ್ಪ್ರಿಂಗನ್ನು ಬಿಟ್ಟಂತಾಗಿ ನಡುಕ, ಫಿಟ್ಸ್, ಭ್ರಮೆ ಕಾಣಿಸಬಹುದು, ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರು, ಆಮೇಲೆ ಸಭೆ. ತಮ್ಮನನ್ನು ಮನೆಗೆ ಕಳಿಸುವಾಗ ವೈದ್ಯರು, ‘ದೇಹ ಸುಧಾರಿಸಿದೆ. ಇನ್ನು ಸಂಜೆ ಆರು ಗಂಟೆಯಾದಾಗ ಇವರಿಗೆ ಜೊತೆ ಬೇಕು’ ಎಂದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆಯ ಫೋನ್ ನಂಬರು ಬರೆದುಕೊಟ್ಟರು.

ಫೋನ್ ಮಾಡಿದರೆ ನಮ್ಮ ಕಡೆಯ ಸಭೆಗಳನ್ನೂ ತಿಳಿಸಿದರು. ತಮ್ಮ ಒಪ್ಪಲಿಲ್ಲ. ‘ಊರಿನವರು ಯಾರಾದರೂ ನೋಡಿದರೆ?’ ಅವನು ಬಸ್ ನಿಲ್ದಾಣದಲ್ಲಿ ಬಿದ್ದಿದ್ದನ್ನು ಊರೆಲ್ಲ ನೋಡಿತ್ತು. ಎದ್ದು ಹೋಗುವುದನ್ನು ಮಾತ್ರ ಯಾರೂ ನೋಡಬಾರದಂತೆ! ನಗಲು ಹೋದೆ, ಪ್ಲಾಟ್‌ಫಾರಂನಲ್ಲಿ ನಾನು ಹೇಳಲಿದ್ದ ಸುಳ್ಳೂ ಅದೇ ಜಾತಿಯದೆಂದು ಆಗ ಹೊಳೆದಿರಲಿಲ್ಲ.

ಮೆಜೆಸ್ಟಿಕ್‌ನಿಂದ ಬಸ್ ಹಿಡಿದು ಶಿವಾಜಿನಗರದಲ್ಲಿ ಇಳಿದೆವು. ಸೇಂಟ್ ಮೇರಿ ಬಸಿಲಿಕಾದ ಎತ್ತರದ ಗೋಪುರ, ರಸೆಲ್ ಮಾರ್ಕೆಟ್ಟಿನ ಹೂವು-ಮೀನುಗಳ ಬೆರಕೆ ವಾಸನೆ, ಮಸೀದಿಗಳು, ಹಳೆಯ ಪಾತ್ರೆ ಅಂಗಡಿಗಳು. ಅಲ್ಲಿಂದ ನಡೆದು ಹೋಗಬಹುದಾದ ಇನ್ನೊಂದು ಚರ್ಚಿನ ಆವರಣದಲ್ಲಿ ಹನ್ನೊಂದಕ್ಕೆ ಸಭೆ. ದಾರಿಯುದ್ದಕ್ಕೂ ಚರ್ಚು ಎಲ್ಲಿ ಎಂದು ಕೇಳಿದೆನೇ ಹೊರತು ಸಭೆ ಎಲ್ಲಿ ಎಂದು ಬಾಯಿ ಬರಲಿಲ್ಲ. ಚರ್ಚು ಸಿಕ್ಕಿತು, ಸಭೆ ಸಿಗಲಿಲ್ಲ. ಎರಡು ಸುತ್ತು ಹಾಕಿದ ಮೇಲೆ ಎದುರಿನ ಚಹಾ ಅಂಗಡಿಯವರು ತಾವಾಗಿಯೇ, ‘ಮೀಟಿಂಗಿಗಾ ಸಾರ್? ಹಿಂದಿನ ಗೇಟು, ಸ್ಕೂಲ್ ರೂಮು’ ಎಂದರು. ಅವರ ದನಿಯಲ್ಲಿ ವಿಶೇಷವೇನೂ ಇರಲಿಲ್ಲ. ಅಂಚೆ ಕಚೇರಿಯ ದಾರಿ ಹೇಳಿದ ಹಾಗೆ.

ಅದು ತರಗತಿಯ ಕೊಠಡಿ. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮಂಡಿ ಮಡಚಿಕೊಂಡು ಕುಳಿತಿದ್ದರು. ಸ್ಥಳ ಚರ್ಚಿನದಾದರೂ ಸಂಸ್ಥೆ ಯಾವ ಮತಕ್ಕೂ ಸೇರಿದ್ದಲ್ಲ. ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡುವ ಆಸೆ. ಕೆಲವು ಸಭೆಗಳು ಸದಸ್ಯರಿಗೆ ಮಾತ್ರ. ಅಂದಿನದು ಮುಕ್ತ ಸಭೆಯಾದ್ದರಿಂದ ನನಗೂ ಜಾಗ ಸಿಕ್ಕಿತು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ ತಮ್ಮ ಕಥೆ ಹೇಳಿದರು. ಕೇಳಿದ್ದನ್ನು ಅಲ್ಲೇ ಬಿಟ್ಟು ಬರುವುದು ಅಲ್ಲಿಯ ಮರ್ಯಾದೆ, ಬಿಟ್ಟು ಬಂದಿದ್ದೇನೆ. ಯಾರೂ ಯಾರಿಗೂ ಉಪದೇಶ ಮಾಡಲಿಲ್ಲ ಎಂಬುದಷ್ಟನ್ನು ಹೇಳಬಹುದು. ಮೂವತ್ತು ವರ್ಷ ಉಪದೇಶವನ್ನೇ ಮಾಡಿದ ನನಗೆ ಇದು ಹೊಸ ಪಾಠ.

ಈ ಸಂಸ್ಥೆ ಹುಟ್ಟಿದ್ದೂ ಹೀಗೆ ಒಬ್ಬ ದಾರಿ ಕೇಳಿದ್ದರಿಂದಲೇ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣಕ್ಕೆ ವ್ಯವಹಾರಕ್ಕೆಂದು ಬಂದು ಸೋತಿದ್ದ ಬಿಲ್ ವಿಲ್ಸನ್, ಹೋಟೆಲಿನ ಬಾರಿಗೆ ಹೋಗುವ ಬದಲು ಟೆಲಿಫೋನಿನ ಬಳಿ ಹೋಗಿ ಪಾದ್ರಿಗಳಿಗೆ ಫೋನ್ ಮಾಡಿದರು. ಮಾತಾಡಲು ತನ್ನಂಥದೇ ಕುಡುಕನೊಬ್ಬ ಬೇಕಿತ್ತು. ಸಿಕ್ಕಿದವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಅವರು ಕೊನೆಯ ಸಲ ಕುಡಿದ ಆ ವರ್ಷದ ಜೂನ್ 10ನ್ನೇ ಸಂಸ್ಥೆ ತನ್ನ ಸ್ಥಾಪನಾ ದಿನವೆಂದು ಆಚರಿಸುತ್ತದೆ.

ಮನೆಯವರಿಗೆಂದೇ 1951ರಲ್ಲಿ ಆರಂಭವಾದ ಅಲ್-ಅನಾನ್ ಗುಂಪುಗಳಿವೆ. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಈ ತೊಂದರೆಯಿದ್ದರೆ ಅದು ನಿಮ್ಮ ತಪ್ಪಲ್ಲ. ನಂಬಿಕೆಯ ಹಿರಿಯರೊಬ್ಬರಿಗೆ ಹೇಳಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಉಚಿತ.

ತಮ್ಮ ಗೆದ್ದನೇ? ಎರಡು ತಿಂಗಳ ನಂತರ ಒಮ್ಮೆ ಎಡವಿದ. ಮರುವಾರ ತಾನೇ ಸಭೆಗೆ ಹೋದ; ಯಾರೂ ಬೈಯಲಿಲ್ಲವಂತೆ. ಈಗ ಬೆಂಗಳೂರು ಬೇಡವೆಂದು ಹತ್ತಿರದ ಸಭೆಗೇ ಹೋಗುತ್ತಾನೆ. ಮೊನ್ನೆ ಮಂಡಿಯ ಸಾಹುಕಾರರಿಗೆ ಬರೆದ ಚೀಟಿಯನ್ನು ನನಗೆ ತೋರಿಸಿದ. ‘ಕುಡಿತ ಬಿಟ್ಟವರ ಸಭೆಗೆ ಹೋಗಬೇಕಾಗಿರುವುದರಿಂದ ಗುರುವಾರ ಸಂಜೆ ಬೇಗ ಬಿಡಬೇಕಾಗಿ ವಿನಂತಿ’ ಎಂದಿತ್ತು. ಒಂದು ಒತ್ತಕ್ಷರ ತಪ್ಪಿತ್ತು. ತಿದ್ದಿ ಕೊಟ್ಟೆ.