ಬಿಲ್ಲೆಯೋ, ಕೊಂಬಿನ ಡಬ್ಬಿಯೋ

ವಿಮಾನ ನಿಲ್ದಾಣದಲ್ಲೋ ದೊಡ್ಡ ಆಸ್ಪತ್ರೆಯ ಪಡಸಾಲೆಯಲ್ಲೋ ಕಾಯುತ್ತ ಕೂತವರು ತಲೆಯೆತ್ತಿದರೆ ಸೂರಿಗೆ ಅಂಟಿದ ಒಂದು ಬಿಳಿ ಬಿಲ್ಲೆ ಕಾಣುತ್ತದೆ. ಕೊಂಬಿಲ್ಲ, ಸದ್ದಿಲ್ಲ, ಹೆಚ್ಚೆಂದರೆ ಒಂದು ಪುಟ್ಟ ದೀಪ. ಬೆಂಕಿ ಬಿದ್ದರೆ ಕೂಗಿಕೊಳ್ಳುವ ಯಂತ್ರವಿರಬೇಕು ಎಂದುಕೊಂಡು ಬಹಳ ಮಂದಿ ಮತ್ತೆ ಫೋನಿಗೆ ಮರಳುತ್ತಾರೆ. ಆ ಫೋನಿಗೆ ವೈಫೈ ಬರುತ್ತಿರುವುದೇ ಅದರಿಂದ. ಅಂಗಡಿಯವರ ಬಾಯಲ್ಲಿ ಅದು ಎಂಟರ್‌ಪ್ರೈಸ್ ಆಕ್ಸೆಸ್ ಪಾಯಿಂಟ್. ನಮ್ಮ ಮನೆಗಳಲ್ಲಿ ಅದೇ ಕೆಲಸವನ್ನು ಟಿವಿ ಸ್ಟ್ಯಾಂಡಿನ ಮೂಲೆಯಲ್ಲಿ ಧೂಳು ಹೊದ್ದು ಕೂತ ನಾಲ್ಕು ಕೊಂಬಿನ ಡಬ್ಬಿ ಮಾಡುತ್ತದೆ.

ಬಿಲ್ಲೆಯನ್ನು ಮನೆಗೂ ತರಬಹುದೆಂಬ ಯೋಚನೆ ನಮ್ಮ ಬಳಗಕ್ಕೆ ಬಂದದ್ದು 2020ರಲ್ಲಿ, ಆಫೀಸು ಶಾಲೆಗಳೆರಡೂ ನಡುಮನೆಗೆ ಬಂದು ಕೂತಾಗ. ತಂದವರು ಭಾವ. ಕಂಪನಿಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ಅವರ ಕೆಲಸ. “ಆ ಕೊಂಬಿನ ಡಬ್ಬಿ ಬಿಸಾಕೋ ಮಾರಾಯ. ಒಂದು ಬಿಲ್ಲೆ ಹಾಕ್ಸು, ಹತ್ತು ವರ್ಷ ತಿರುಗಿ ನೋಡೋದೇ ಬೇಡ,” ಎಂದರು. ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಅಕ್ಕ ತಲೆಯೆತ್ತದೆಯೇ, “ಇವರು ಪ್ರತಿ ಭಾನುವಾರ ಲ್ಯಾಪ್‌ಟಾಪ್ ಇಟ್ಕೊಂಡು ನೋಡೋದು ಅದನ್ನೇ,” ಎಂದಳು. ಇಬ್ಬರ ಮಾತೂ ನಿಜವೇ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಕ್ಕನ ಮಾತು.

ಕೊಂಬಿನ ಡಬ್ಬಿಯನ್ನು ಮಾರುವುದು ವೇಗದ ಹೆಸರಲ್ಲಿ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಎಸಿ1200 ಎಂದಿರುತ್ತದೆ. 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867, ಎರಡನ್ನೂ ಕೂಡಿಸಿ ಚೂರು ಮೇಲಕ್ಕೆಳೆದರೆ 1200 ಮೆಗಾಬಿಟ್. ಫೋನು ಒಂದು ಹೊತ್ತಿಗೆ ಒಂದನ್ನಷ್ಟೇ ಹಿಡಿಯುತ್ತದೆ. ಗಂಡನ ಸಂಬಳಕ್ಕೆ ಹೆಂಡತಿಯ ಸಂಬಳ ಸೇರಿಸಿ, ಇಬ್ಬರಿಗೂ ಅಷ್ಟಷ್ಟು ಬರುತ್ತದೆ ಎಂದು ಬೀಗರ ಮುಂದೆ ಹೇಳಿಕೊಂಡಂತಾಯಿತು. ಬಿಲ್ಲೆಯ ರಟ್ಟಿನ ಮೇಲೂ ಇಂಥ ಅಂಕಿಗಳಿಗೆ ಬರವಿಲ್ಲ, ಆದರೆ ಅದಕ್ಕೆ ಕೊಡುವ ಹೆಚ್ಚಿನ ದುಡ್ಡು ಬಹುಪಾಲು ಹೋಗುವುದು ಜನಜಂಗುಳಿಯನ್ನು ಸಂಭಾಳಿಸುವ ವಿದ್ಯೆಗೆ. ಸಭಾಂಗಣ ತುಂಬ ಜನ ಒಟ್ಟಿಗೆ ಫೋನು ತೆಗೆದರೂ ತಡವರಿಸಬಾರದು, ನೆಂಟರ ಫೋನು ಒಂದು ಕಡೆ, ಲೆಕ್ಕಪತ್ರದ ಕಂಪ್ಯೂಟರು ಇನ್ನೊಂದು ಕಡೆ ಎಂದು ಬೇಲಿ ಹಾಕಲು ಬರಬೇಕು.

ಮನೆಯಲ್ಲಿ ಜಂಗುಳಿ ಎಲ್ಲಿ ಬಂತು? ಮನೆಯ ಶತ್ರು ಗೋಡೆ. ಮಲೆನಾಡಿನ ಹಳೆಯ ಮನೆಗಳ ಮಣ್ಣಿನ ಗೋಡೆ ಬೇಸಿಗೆಯ ಧಗೆಯನ್ನು ತಡೆದ ಹಾಗೆ 5 ಗಿಗಾಹರ್ಟ್ಸ್ ಅಲೆಯನ್ನೂ ತಡೆಯುತ್ತದೆ. ಬೆಂಗಳೂರಿನ ಮನೆಯಲ್ಲಿ ಒಂಬತ್ತಿಂಚಿನ ಇಟ್ಟಿಗೆ, ಮೇಲೆ ಕಬ್ಬಿಣ ಹೆಣೆದ ಆರ್‌ಸಿಸಿ, ಬೀರುವಿಗೆ ಆಳೆತ್ತರದ ಕನ್ನಡಿ. 2.4 ಇನ್ನಷ್ಟು ದೂರ ನುಸುಳೀತು, ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಮೂರೇ. ಅಪಾರ್ಟ್‌ಮೆಂಟಿನವರೆಲ್ಲ ಆ ಮೂರರಲ್ಲೇ ನೂಕಾಡಬೇಕು. ಮೈಕ್ರೋವೇವ್ ಒಲೆ ಉರಿಯುವುದೂ ಅದೇ ನೆರೆಯಲ್ಲಿ. ಅಡುಗೆಮನೆಯಲ್ಲಿ ಸಾರು ಬಿಸಿಯಾಗುವಾಗ ಪಕ್ಕದ ಕೋಣೆಯ ಮೀಟಿಂಗ್ ತೊದಲಿದರೆ ಬಾಸ್‌ನನ್ನು ಬೈದು ಫಲವಿಲ್ಲ.

ಇನ್ನೂ ನಾಲ್ಕು ಕೊಂಬಿರುವ, ಜೋರಾಗಿ ಕೂಗುವ ಡಬ್ಬಿ ತಂದರೆ? ಕೂಗು ಮಹಡಿಗೆ ತಲುಪುತ್ತದೆ, ಫೋನಿನ ಪಿಸುಮಾತು ವಾಪಸು ಕೆಳಗೆ ಕೇಳಿಸುವುದಿಲ್ಲ. ಕಡ್ಡಿಗಳು ತುಂಬಿದ್ದರೂ ವಿಡಿಯೊ ನಿಂತಿರುವ ಗುಟ್ಟು ಬಹಳ ಸಲ ಇದೇ. ಭಾವ ಮಹಡಿಗೊಂದರಂತೆ ಬಿಲ್ಲೆ ಹಾಕಿಸಿ ಮೊದಲು ಮಾಡಿದ್ದು ಎರಡರ ಶಕ್ತಿಯನ್ನೂ ತಗ್ಗಿಸುವ ಕೆಲಸ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ತೀರ್ಮಾನ ಫೋನಿನದು, ಬಿಲ್ಲೆ ಸಲಹೆ ಕೊಡಬಹುದಷ್ಟೆ. ಕೆಳಗಿನದು ಗಟ್ಟಿಯಾಗಿ ಕೂಗುತ್ತಿದ್ದರೆ ಮಹಡಿ ಹತ್ತಿದ ಫೋನು ಅದನ್ನೇ ಕಚ್ಚಿಕೊಂಡಿರುತ್ತದೆ.

ಇಷ್ಟಾದರೂ ಭಾವನ ಮನೆಯಲ್ಲಿ ವೈಫೈ ಚೆನ್ನಾಗಿರುವುದಕ್ಕೆ ಬಿಲ್ಲೆಗಿಂತ ದೊಡ್ಡ ಕಾರಣ ತಂತಿ ಎಂದೇ ನನ್ನ ನಂಬಿಕೆ. ಮೋಲ್ಡ್ ಹಾಕುವ ಮೊದಲೇ ಎಲೆಕ್ಟ್ರಿಷಿಯನ್ ಬೆನ್ನು ಬಿದ್ದು ಮಹಡಿಗೆ ಬೇರೆ ಪೈಪ್ ಬಿಡಿಸಿ, ಕ್ಯಾಟ್6 ಕೇಬಲ್ ಎಳೆಸಿದ್ದರು. ನಡುವೆ ತಂತಿಯಿದ್ದರೆ ಎರಡು ಸಾದಾ ಡಬ್ಬಿಗಳೂ ಒಂದು ದುಬಾರಿ ಬಿಲ್ಲೆಯನ್ನು ಸೋಲಿಸುತ್ತವೆ. ತಂತಿಯಿಲ್ಲದ ಮೆಶ್ ಜೋಡಿಗಳಲ್ಲಿ, ಫೋನಿನ ಜೊತೆಗೂ ಡಬ್ಬಿಗಳ ನಡುವೆಯೂ ಒಂದೇ ರೇಡಿಯೊ ದುಡಿಯುವುದಾದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದೇ ಕೇಬಲ್ಲಿನಲ್ಲಿ ಬಿಲ್ಲೆಗೆ ಕರೆಂಟೂ ಹೋಗುತ್ತದೆ. ಪಿಓಇ ಎನ್ನುವ ಈ ಪದ್ಧತಿಯ ಮೊದಲ ಮಾನದಂಡ ಬಂದದ್ದು 2003ರಲ್ಲಿ, 15.4 ವಾಟ್‌ವರೆಗೆ. ಮೆಟ್ಟಿಲ ಕೆಳಗಿನ ನೆಟ್‌ವರ್ಕ್ ಸ್ವಿಚ್ಚಿಗೂ ರೌಟರಿಗೂ ಒಂದು ಯುಪಿಎಸ್ ಕೊಟ್ಟರೆ ಮನೆಯ ಬಿಲ್ಲೆಗಳೆಲ್ಲ ಕರೆಂಟು ಹೋದಾಗಲೂ ಬದುಕಿರುತ್ತವೆ. ನಮ್ಮ ಊರುಗಳಲ್ಲಿ ಬಿಲ್ಲೆಯ ಪರವಾಗಿ ಇಷ್ಟು ಒಳ್ಳೆಯ ವಾದ ಬೇರೆ ಸಿಗದು.

ಇನ್ನು ಅಕ್ಕನ ಮಾತಿಗೆ ಬರೋಣ. ಆಫೀಸಿನ ಸಾಮಾನು ತನ್ನ ಹಿಂದೆ ಸಂಬಳದ ಮನುಷ್ಯನೊಬ್ಬ ಇದ್ದಾನೆಂದು ಭಾವಿಸಿಕೊಂಡೇ ಹುಟ್ಟಿರುತ್ತದೆ. ಬಿಲ್ಲೆಗೆ ರೇಡಿಯೊ ಬಿಟ್ಟರೆ ಹೆಚ್ಚೇನೂ ಬಾರದು, ರೌಟರು ಬೇರೆ ಬೇಕು. ಕೆಲವಕ್ಕೆ ಕಂಟ್ರೋಲರ್ ಬೇಕು, ಕೆಲವಕ್ಕೆ ವರ್ಷ ವರ್ಷ ಲೈಸೆನ್ಸ್ ಕಟ್ಟಬೇಕು. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಆಫೀಸುಗಳಿಂದ ಕಳಚಿ ಬಂದ ಹಳೆಯ ಬಿಲ್ಲೆ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು, ಅದು ಒಂಟಿಯಾಗಿ ಓಡುತ್ತದೆಯೇ, ಹಿಂದಿನ ಯಜಮಾನನ ಕ್ಲೌಡ್ ಖಾತೆಯಿಂದ ಬಿಡುಗಡೆಯಾಗಿದೆಯೇ ಎಂದು ಕೇಳಬೇಕು. ಯೂನಿಫೈ, ಒಮಾಡ, ಅರುಬಾ ಇನ್‌ಸ್ಟಂಟ್ ಆನ್ ಥರದ ನಡುದರ್ಜೆಯವು ವರ್ಷಾವರಿ ಕಪ್ಪ ಕೇಳದೆ ಓಡುತ್ತವೆ. ಎರಡು ಮಹಡಿಯ ಸ್ವಂತ ಮನೆ, ತಂತಿಗೆ ದಾರಿ, ಭಾನುವಾರ ಕಳೆಯುವ ಖಯಾಲಿ, ಈ ಮೂರೂ ಇದ್ದವರಿಗೆ ನಾನು ಹೇಳುವುದು ಅವನ್ನೇ. ಎರಡು ಕೋಣೆಯ ಫ್ಲ್ಯಾಟಿಗೆ ಇಂಟರ್‌ನೆಟ್ಟಿನವರು ಕೊಟ್ಟ ಡಬ್ಬಿಯನ್ನೇ ಮೂಲೆಯಿಂದ ಎತ್ತಿ ಹಾಲಿನ ನಡುವಿಗೆ ತಂದರೆ ಎಷ್ಟೋ ಸಲ ಸಾಕು.

ಬಾಡಿಗೆ ಮನೆಯವರಿಗೆ ಈ ಚರ್ಚೆಯೇ ಬೇಡ. ಗೋಡೆಗೆ ಮೊಳೆ ಹೊಡೆಯಬಾರದೆಂದು ಕರಾರಿನಲ್ಲಿ ಬರೆಸಿಕೊಂಡ ಓನರು, ಸೂರಿಗೆ ಡ್ರಿಲ್ ಹಿಡಿಯಲು ಬಿಡುತ್ತಾರೆಯೇ? ಅಡ್ವಾನ್ಸಿನಲ್ಲಿ ಪೇಂಟಿಂಗ್ ಅಂತ ಮುರಿದುಕೊಳ್ಳುವುದರ ಜೊತೆಗೆ ತೂತಿನ ಬಾಬ್ತು ಬೇರೆ ಸೇರುತ್ತದೆ.