ಫೂಫಿಯ ಎರಡು ಎಕರೆ

ತಾಳ್ಯದ ಮನೆಯಿಂದ ಸ್ಪೇನಿಗೆ ಹೊರಟಾಗ ಅಮ್ಮಿಗಿದ್ದ ಚಿಂತೆಗಳು ಎರಡು: ಅಲ್ಲಿ ಹಲಾಲ್ ಆಹಾರ ದೊರೆಯುವುದೇ, ನಮಾಝಿಗೆ ಸ್ಥಳವಿರುವುದೇ? ಅಲ್ಲಾಹನ ಅನುಗ್ರಹದಿಂದ ಎರಡೂ ಬೇಗನೆ ಬಗೆಹರಿದವು. ಗ್ರಾನಡಾದ ಅಲ್ಬೈಸಿನ್ ಗುಡ್ಡದ ಮೇಲೆ 2003ರಲ್ಲಿ ತೆರೆದ ಮಸೀದಿಯಿದೆ. ಅದರ ಅಂಗಳದಲ್ಲಿ ನಿಂತರೆ ಎದುರಿಗೇ ಅಲ್‌ಹಂಬ್ರಾ. ನನ್ನನ್ನು ಕಾಡಿದ್ದು ಅಮ್ಮಿ ಊಹಿಸಿರದ ಬೇರೊಂದು ಸಂಗತಿ.

ಕಾನೂನು ಪದವಿಯ ನಾಲ್ಕನೆಯ ವರ್ಷದಲ್ಲಿ ವಿನಿಮಯ ವಿದ್ಯಾರ್ಥಿಯಾಗಿ ಒಂದು ಸೆಮಿಸ್ಟರ್ ಕಳೆಯಲು ನಾನು ಗ್ರಾನಡಾ ವಿಶ್ವವಿದ್ಯಾಲಯವನ್ನು ಸೇರಿದೆ. ಅದು 1531ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಕಾಲದಲ್ಲಿ ಸ್ಥಾಪನೆಯಾದದ್ದು. ಆದರೆ ಅದಕ್ಕಿಂತಲೂ ಹಳೆಯದಾದ ಒಂದು ವಿದ್ಯಾಲಯ ಇಂದು ಅದರ ವಶದಲ್ಲಿದೆ: ಸುಲ್ತಾನ್ ಒಂದನೇ ಯೂಸುಫ್ 1349ರಲ್ಲಿ ಕಟ್ಟಿಸಿದ ಮದ್ರಸಾ. 1492ರಲ್ಲಿ ನಗರ ಕೈತಪ್ಪಿದ ಬಳಿಕ ಅದು ಪುರಸಭೆಯ ಕಟ್ಟಡವಾಯಿತು. ಹೊರಗಿನ ಮುಖ ಪೂರ್ಣ ಬದಲಾಗಿದ್ದರೂ ನಮಾಝಿನ ಕೋಣೆ ಮತ್ತು ಮಿಹ್ರಾಬ್ ಒಳಗೆ ಉಳಿದಿವೆ. ಷರೀಅತ್ತಿನ ಉದ್ದೇಶಗಳ ಕುರಿತು ‘ಅಲ್ ಮುವಾಫಕಾತ್’ ಬರೆದ ಇಮಾಮ್ ಶಾತಿಬಿ ಬದುಕಿದ್ದೂ ಇದೇ ನಗರದಲ್ಲಿ.

ಪಾಠವೆಲ್ಲ ಸ್ಪ್ಯಾನಿಷ್‌ನಲ್ಲಿ. ನಾನು ಕಲಿತುಹೋದಷ್ಟು ಭಾಷೆ ಬಸ್ ಟಿಕೆಟ್ ಕೊಳ್ಳುವುದಕ್ಕೆ ಸಾಕಾಗುತ್ತಿತ್ತು, 1889ರ ಸಿವಿಲ್ ಸಂಹಿತೆಗೆ ಸಾಲುತ್ತಿರಲಿಲ್ಲ. ಆಗ ನೆರವಿಗೆ ಬಂದದ್ದು, ವಿಚಿತ್ರವೆಂದರೆ, ಅರಬಿ. ಅಲ್ಲಿನ ಮೇಯರ್ ‘ಅಲ್ಕಾಲ್ದೆ’. ಮೂಲ ‘ಅಲ್ ಕಾದಿ’. ಉಯಿಲನ್ನು ಜಾರಿಗೊಳಿಸುವವನು ‘ಅಲ್ಬಾಸೆಯಾ’. ಅದರೊಳಗೆ ನಮ್ಮ ವಸಿಯ್ಯತ್ ಅಡಗಿದೆ. ಕನ್ನಡದ ವಕೀಲ, ಹಕ್ಕು, ಅರ್ಜಿ, ಮಹಜರು, ವಾರಸು ಎಲ್ಲವೂ ಅದೇ ತವರಿನವು.

ವಾರಸಿನ ಪಾಠ ಬಂದ ದಿನ ಪ್ರಾಧ್ಯಾಪಕಿ ‘ಲೆಹೀತಿಮಾ’ ಎಂಬ ಪದವನ್ನು ವಿವರಿಸಿದರು. ಮಕ್ಕಳಿರುವವನು ತನ್ನ ಆಸ್ತಿಯಲ್ಲಿ ಮೂರನೇ ಒಂದು ಭಾಗವನ್ನು ಮಾತ್ರ ಇಷ್ಟಬಂದವರಿಗೆ ಬರೆಯಬಹುದು. ಉಳಿದದ್ದು ಸಂತತಿಗೇ ಮೀಸಲು. ನಮ್ಮಲ್ಲಿಯೂ ವಸಿಯ್ಯತ್ತಿನ ಮಿತಿ ಮೂರನೇ ಒಂದು ಭಾಗ! ಎರಡರ ಮೂಲ ಬೇರೆಬೇರೆ. ಒಂದರಿಂದ ಇನ್ನೊಂದು ಬಂತೆಂದು ಹೆಮ್ಮೆಪಡುವ ಆತುರ ಬೇಡ. ನಾನಂತೂ ಹೆಮ್ಮೆಪಡುವ ಸ್ಥಿತಿಯಲ್ಲಿರಲಿಲ್ಲ. ನನಗೆ ಫೂಫಿಯ ನೆನಪಾಗಿತ್ತು.

ದಾದಾ ಬಿಟ್ಟುಹೋದದ್ದು ಆರು ಎಕರೆ ಖುಷ್ಕಿ ಜಮೀನು. ವಾರಸುದಾರರು ಅಬ್ಬಾ ಮತ್ತು ಅವರ ತಂಗಿ, ಇಬ್ಬರೇ. ಲೆಕ್ಕ ಕಷ್ಟದ್ದಲ್ಲ: ನಾಲ್ಕು ಮತ್ತು ಎರಡು. ನಾನು ಚಿಕ್ಕವನಾಗಿದ್ದಾಗ ಫೂಫಿ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಮನೆಗೆ ಬಂದ ಮೇಲೆ ಅವರಿಗೊಂದು ಸೀರೆ, ಡಜನ್ ಬಳೆ. ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವರು ನನಗೆ ಬಾಳೆಹಣ್ಣು ಸುಲಿದುಕೊಟ್ಟದ್ದು ನೆನಪಿದೆ. ನನ್ನ ಕಾಲೇಜಿನ ಶುಲ್ಕ ಆ ಜಮೀನಿನ ಮೆಕ್ಕೆಜೋಳದಿಂದಲೇ ಬಂತು. ವಿಮಾನದ ಟಿಕೆಟ್ಟೂ ಅಷ್ಟೆ.

1937ರ ಷರೀಅತ್ ಅನ್ವಯ ಕಾಯ್ದೆಯ ಎರಡನೇ ಕಲಮು ಕೃಷಿಭೂಮಿಯನ್ನು ಹೊರಗಿಟ್ಟಿರುವುದನ್ನು ನಾನೂ ಓದಿದ್ದೇನೆ. ಅದನ್ನು ಮುಂದಿಟ್ಟು ಸುಮ್ಮನಿರಬಹುದಿತ್ತು. ಆದರೆ ಸೂರಃ ಅನ್ನಿಸಾದ ಏಳನೇ ವಚನ ಹೆಣ್ಣಿನ ಪಾಲನ್ನು ಹೇಳುವಾಗ ಹೊಲವನ್ನು ಹೊರಗಿಡುವುದಿಲ್ಲ.

ಜುಮಾ ಮುಗಿಸಿ ಅಬ್ಬಾರಿಗೆ ಫೋನ್ ಮಾಡಿದೆ. ಬಹಳ ಹೊತ್ತು ಮೌನ. “ಅವಳು ಒಪ್ಪಿಯೇ ಕೊಟ್ಟದ್ದು” ಎಂದರು.

“ಬೇಡವೆನ್ನುವ ದಾರಿ ಫೂಫಿಗೆ ಇತ್ತೇ ಅಬ್ಬಾ?”

ಅವರು ಫೋನಿಟ್ಟರು. ಹತ್ತು ದಿನ ಮಾತಿಲ್ಲ. ಹನ್ನೊಂದನೆಯ ದಿನ ಅವರೇ ಕರೆ ಮಾಡಿ, “ಪತ್ರ ಹುಡುಕಿ ತೆಗೆದಿಟ್ಟಿದ್ದೇನೆ, ನೀನು ಬಂದು ಓದು” ಎಂದರು.

ಫೂಫಿಗೂ ವಿಷಯ ತಿಳಿಯಿತು. ಅವರು ನನ್ನನ್ನು ಕೇಳಿದ್ದು ಅಲ್ಲಿ ಅನ್ನ ಸಿಗುತ್ತದೆಯೇ ಎಂದಷ್ಟೆ. ನಾನು ಮರಳಿ ಬಂದು ನಾಲ್ಕು ತಿಂಗಳಾಯಿತು. ಪತ್ರ ಓದಿಯಾಗಿದೆ, ಪಹಣಿಯಲ್ಲಿ ಇನ್ನೂ ಅಬ್ಬಾರ ಹೆಸರೊಂದೇ ಇದೆ.