ಹಳೇ ಹೆಡ್ಡು ಹೇಳುವ ಸತ್ಯ

ಕಡೂರು, ತರೀಕೆರೆ, ಅಜ್ಜಂಪುರಗಳ ನಡುವೆ ಇಂಜಿನ್ ಬಿಚ್ಚಿ ಕಟ್ಟುವ ಕೆಲಸ ಮಾಡುವ ನಮ್ಮಂಥವರಿಗೆ ಒಂದೊಂದು ಊರಿನ ಗುಣವೂ ಅಲ್ಲಿಂದ ಬರುವ ಇಂಜಿನ್ನಿನಿಂದಲೇ ತಿಳಿಯುತ್ತದೆ. ತರೀಕೆರೆ ಕಡೆಯದು ಭದ್ರಾ ನೀರು ಕುಡಿದ ನೆಲ. ಅಲ್ಲಿನ ಟ್ರ್ಯಾಕ್ಟರುಗಳು ಗದ್ದೆಯ ಕೆಸರು ಮೆತ್ತಿಕೊಂಡು ಬರುತ್ತವೆ. ಕಡೂರು ಬಯಲುಸೀಮೆ. ಕೊಳವೆಬಾವಿಯ ಗಡಸು ನೀರು ರೇಡಿಯೇಟರಿಗೆ ಬಿದ್ದು ಇಂಜಿನ್ನಿನೊಳಗೆ ಸುಣ್ಣ ಕಟ್ಟಿರುತ್ತದೆ. ಅಜ್ಜಂಪುರದ ಕಡೆ ಈರುಳ್ಳಿ, ಆಲೂಗಡ್ಡೆ. ಹಂಗಾಮು ಬಂತೆಂದರೆ ಟ್ರ್ಯಾಕ್ಟರಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ.

ಅಜ್ಜಂಪುರವೆಂದರೆ ಹಳಬರಿಗೆ ಮೊದಲು ನೆನಪಾಗುವುದು ಅಮೃತ್ ಮಹಲ್ ರಾಸುಗಳು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತ್ ಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಅವನ ಫಿರಂಗಿಗಳನ್ನು ಎಳೆದದ್ದು ಈ ಎತ್ತುಗಳೇ. ಆ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿ ಇಂದಿಗೂ ಇದೆ. ಆದರೆ ಹೊಲದಲ್ಲಿ ಎತ್ತಿನ ಜಾಗವನ್ನು ಟ್ರ್ಯಾಕ್ಟರು ಹಿಡಿದು ಬಹಳ ದಿನಗಳಾದವು. ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದೇ ಮನುಷ್ಯ ಇಂಜಿನ್ನಿನ ಹಳೇ ಭಾಗ ಕೊಳ್ಳುವಾಗ ಮಾತ್ರ ಬಣ್ಣ ನೋಡಿ ದುಡ್ಡು ಎಣಿಸಿಬಿಡುತ್ತಾನೆ.

2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವೇ ಘೋಷಿಸಿತ್ತು. ಆ ದಿನಗಳಲ್ಲಿ ಅಜ್ಜಂಪುರದ ಕಡೆಯ ರೈತರೊಬ್ಬರು ಗೋಣಿಚೀಲದಲ್ಲಿ ಸುತ್ತಿದ ಒಂದು ಸಿಲಿಂಡರ್ ಹೆಡ್ಡನ್ನು ತಂದು ನಮ್ಮ ಮುಂದಿಟ್ಟರು. ಅವರದು ಮೂರು ಸಿಲಿಂಡರಿನ ಹಳೆಯ ಟ್ರ್ಯಾಕ್ಟರು. ರೇಡಿಯೇಟರ್ ಸೋರಿ, ನೀರಿಲ್ಲದೆ ಓಡಿ, ಇಂಜಿನ್ ಕಾದು ನಿಂತಿತ್ತು. ಹೆಡ್ಡು ಹೋಯಿತೆಂದು ಯಾರೋ ಹೇಳಿದರು. ಹೊಸದಕ್ಕೆ ಶಕ್ತಿಯಿಲ್ಲ. ದೂರದ ಪೇಟೆಯೊಂದರ ಹಳೇ ಸಾಮಾನಿನ ಅಂಗಡಿಯಿಂದ ಇದನ್ನು ಕೊಂಡಿದ್ದರು. ಬೆಳ್ಳಿಯಂತೆ ಹೊಳೆಯುವ ಬಣ್ಣ. ಸಂಜೆಯೊಳಗೆ ಕೂರಿಸಿಕೊಡಿ, ಬಾಡಿಗೆ ಒಪ್ಪಿಕೊಂಡಿದ್ದೇನೆ ಎಂದರು. ಮೊದಲು ನೋಡೋಣ ಎಂದೆವು. ಅವರ ಮುಖ ಸಣ್ಣದಾಯಿತು. ನೋಡುವುದಕ್ಕೂ ಕೂಲಿ ಕೇಳುತ್ತಾರೇನೋ ಎಂಬ ಅಂಜಿಕೆ ಇದ್ದಿರಬೇಕು.

ಹೆಡ್ಡು ಎಂದರೆ ಇಂಜಿನ್ನಿನ ಮುಚ್ಚಳ. ಗಾಳಿ ಒಳಬರುವ ಬಾಗಿಲು, ಹೊಗೆ ಹೊರಹೋಗುವ ಬಾಗಿಲು, ಎಣ್ಣೆ ಚಿಮ್ಮಿಸುವ ನಾಝಲ್, ತಂಪು ನೀರಿನ ಓಣಿಗಳು, ಎಲ್ಲವೂ ಆ ಒಂದೇ ಎರಕದ ತುಂಡಿನಲ್ಲಿ. ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಅದರ ಜಾಗದ ಹದಿನಾರು, ಹದಿನೆಂಟನೇ ಒಂದು ಭಾಗಕ್ಕೆ ಒತ್ತಿದರೆ ಆ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಇಂಜಿನ್ನಿನ ಗುಟ್ಟು ಇಷ್ಟೇ. ಮುಚ್ಚಳ ಕೂದಲೆಳೆಯಷ್ಟು ಸೋರಿದರೂ ಒತ್ತಡವಿಲ್ಲ, ಒತ್ತಡವಿಲ್ಲದೆ ಬಿಸಿಯಿಲ್ಲ, ಬಿಸಿಯಿಲ್ಲದೆ ಇಂಜಿನ್ ಇಲ್ಲ.

ನಮ್ಮ ಪರೀಕ್ಷೆ ದೊಡ್ಡ ಯಂತ್ರಗಳಿಂದ ಶುರುವಾಗುವುದಿಲ್ಲ. ಮೊದಲು ತೊಳೆಯುವುದು. ಎರಕದ ಕಬ್ಬಿಣವಾದರೆ ಕಾಸ್ಟಿಕ್ ಸೋಡಾದ ಬಿಸಿನೀರಿನಲ್ಲಿ ನೆನೆಹಾಕುತ್ತೇವೆ. ಬಣ್ಣ, ಮಸಿ, ಎಣ್ಣೆಯ ಹೊರೆ ಎಲ್ಲ ಬಿಡುತ್ತದೆ. ಅಲ್ಯೂಮಿನಿಯಂ ಹೆಡ್ಡನ್ನು ಮಾತ್ರ ಅದರಲ್ಲಿ ಹಾಕಬಾರದು, ಸೋಡಾ ಆ ಲೋಹವನ್ನೇ ತಿಂದುಬಿಡುತ್ತದೆ. ಆಮೇಲೆ ಬಿರುಕಿನ ಪರೀಕ್ಷೆ. ಪೇಟೆಯಲ್ಲಿ ಇದಕ್ಕೆ ಕೆಂಪು ಬಣ್ಣದ ದ್ರವ, ಬಿಳಿಯ ಪುಡಿಯ ಸ್ಪ್ರೇ ಸಿಗುತ್ತದೆ. ಅದಿಲ್ಲದಿದ್ದರೆ ಸೀಮೆಎಣ್ಣೆ ಮತ್ತು ಸೀಮೆಸುಣ್ಣ. ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸುಣ್ಣದ ಪುಡಿ ಉಜ್ಜಬೇಕು. ಬಿರುಕು ಇದ್ದರೆ ತಾನು ಕುಡಿದ ಎಣ್ಣೆಯನ್ನು ಪುಡಿಗೆ ಬಿಟ್ಟುಕೊಡುತ್ತದೆ. ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ.

ಆ ಬೆಳ್ಳಿಬಣ್ಣದ ಹೆಡ್ಡು ಸೋಡಾ ನೀರಿನಿಂದ ಮೇಲೆ ಬಂದಾಗ ಬೇರೆಯೇ ಮುಖ ತೋರಿಸಿತು. ನಡುವಿನ ಸಿಲಿಂಡರಿನ ಎರಡು ವಾಲ್ವ್ ಸೀಟುಗಳ ಮಧ್ಯೆ ಯಾರೋ ಲೋಹದ ಮೇಣ ಮೆತ್ತಿ, ಉಜ್ಜಿ ನಯ ಮಾಡಿದ್ದರು. ಮೇಣ ಕೆರೆದು ಸುಣ್ಣ ಉಜ್ಜಿದೆವು. ಸೀಟಿನಿಂದ ಸೀಟಿಗೆ ಗೆರೆ ಎದ್ದಿತು. ಹೆಡ್ಡಿನಲ್ಲಿ ಅತಿ ಹೆಚ್ಚು ಬಿಸಿ ತಿನ್ನುವ, ಅತಿ ಇಕ್ಕಟ್ಟಾದ ಜಾಗವೇ ಅದು. ನೀರಿನ ಓಣಿಗಳನ್ನು ತಗಡು, ರಬ್ಬರಿನಿಂದ ಮುಚ್ಚಿ ಗಾಳಿ ತುಂಬಿ ಬಿಸಿನೀರಿನಲ್ಲಿ ಮುಳುಗಿಸಿದಾಗ ಅಲ್ಲಿಂದಲೇ ಗುಳ್ಳೆಗಳು ಸಾಲಾಗಿ ಬಂದವು. ನೀರು ಬಿಸಿಯಿರಲೇಬೇಕು. ತಣ್ಣಗಿದ್ದಾಗ ಬಾಯಿ ಮುಚ್ಚಿಕೊಂಡಿರುವ ಬಿರುಕು ಬಿಸಿಗೆ ಬಾಯಿ ಬಿಡುತ್ತದೆ. ರೈತರು ಮಾತಾಡಲಿಲ್ಲ. ಗುಳ್ಳೆಗಳನ್ನೇ ನೋಡುತ್ತ ಕುಳಿತರು.

ನಿಮ್ಮ ಸ್ವಂತ ಹೆಡ್ಡು ಎಲ್ಲಿ ಎಂದು ಕೇಳಿದೆವು. ಗುಜರಿಗೆ ಹಾಕಬೇಕೆಂದು ಕೊಟ್ಟಿಗೆಯಲ್ಲಿ ಬಿದ್ದಿತ್ತು. ತರಿಸಿದೆವು. ಅದಕ್ಕೂ ಅದೇ ಸ್ನಾನ, ಅದೇ ಸುಣ್ಣ, ಅದೇ ಬಿಸಿನೀರು. ಗುಳ್ಳೆ ಬರಲಿಲ್ಲ. ನೇರ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸಿದೆವು. ಇಂಥ ಹೆಡ್ಡಿಗೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಸೊಟ್ಟವನ್ನೇ ನಾವು ಹೆಚ್ಚೆಂದು ಲೆಕ್ಕ ಹಾಕುತ್ತೇವೆ. ಇದು ಅದರ ಎರಡರಷ್ಟು ಬಾಗಿತ್ತು. ಗ್ಯಾಸ್ಕೆಟ್ ಸುಟ್ಟಿತ್ತು, ಎರಡು ಹೊಗೆ ವಾಲ್ವುಗಳ ಅಂಚು ಬೆಂದಿತ್ತು. ಹೆಡ್ಡು ಕಾಯಿಲೆ ಬಿದ್ದಿತ್ತು ನಿಜ, ಸತ್ತಿರಲಿಲ್ಲ. ಅದು ಸತ್ತಿತೆಂದು ಹೇಳಿದವರು ಅದನ್ನು ಪರೀಕ್ಷಿಸಿಯೇ ಇರಲಿಲ್ಲ.

ಫೇಸಿಂಗಿಗೆ ಶಿವಮೊಗ್ಗಕ್ಕೆ ಕಳಿಸಿದೆವು. ಇಲ್ಲಿಯೂ ಒಂದು ಎಚ್ಚರ ಬೇಕು. ಚಪ್ಪಟೆ ಮಾಡಲು ಎಷ್ಟು ಬೇಕೋ ಅಷ್ಟೇ ಹೆರೆಯಬೇಕು. ಹೆಚ್ಚು ಹೆರೆದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ, ನಾಝಲ್ಲಿನ ತುದಿ ಕೆಳಗಿಳಿಯುತ್ತದೆ. ಅದಕ್ಕೇ ಪ್ರತಿ ಹೆಡ್ಡಿಗೂ ಕನಿಷ್ಠ ದಪ್ಪವೆಂದು ಒಂದು ಅಳತೆ ಇರುತ್ತದೆ. ಹಳೇ ಹೆಡ್ಡನ್ನು ಹಿಂದೆ ಎಷ್ಟು ಸಲ ಹೆರೆದಿದ್ದಾರೋ ತಿಳಿಯದು, ವರ್ನಿಯರ್ ಮಾತ್ರ ಹೇಳಬಲ್ಲದು. ಗೈಡುಗಳಲ್ಲಿ ವಾಲ್ವು ಅಲ್ಲಾಡುತ್ತದೆಯೇ ಎಂದು ನೋಡಿ, ಸವೆದವನ್ನು ಬದಲಿಸಿದ ಮೇಲೆಯೇ ಸೀಟು ಕೆತ್ತಬೇಕು. ಗೈಡು ಸಡಿಲವಿದ್ದರೆ ಸೀಟಿನ ನಡುವೇ ತಪ್ಪುತ್ತದೆ. ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ ಎತ್ತರ ಅಳೆದು, ಕುಗ್ಗಿದ್ದನ್ನು ತೆಗೆದಿಟ್ಟೆವು.

ಕೊನೆಗೆ ಕೈಕೆಲಸ. ಸೀಟಿಗೆ ಮರಳಿನಂಥ ಪೇಸ್ಟು ಸವರಿ, ವಾಲ್ವನ್ನು ಅಂಗೈಗಳ ನಡುವೆ ಮೊಸರು ಕಡೆದಂತೆ ಹಿಂದೆ ಮುಂದೆ ತಿರುಗಿಸುವುದು. ಮೊದಲು ಕರಕರ ಸದ್ದು, ಆಮೇಲೆ ಸದ್ದು ಇಳಿಯುತ್ತದೆ. ಎರಡೂ ಮೈ ಒಂದಕ್ಕೊಂದು ಒಪ್ಪಿದಾಗ ಸುತ್ತಲೂ ಒಂದೇ ಅಗಲದ ಬೂದು ಉಂಗುರ ಕಾಣುತ್ತದೆ. ಈ ಕೆಲಸ ಮಾಡುವ ಹುಡುಗರಿಗೆ ನಾವು ಅಲ್ ಜಝರಿಯ ಹೆಸರು ಹೇಳುತ್ತೇವೆ. 1206ರಲ್ಲಿ ದಿಯಾರ್‌ಬಕಿರಿನಲ್ಲಿ ಯಂತ್ರಗಳ ಬಗ್ಗೆ ಅರಬಿ ಗ್ರಂಥ ಬರೆದು ಮುಗಿಸಿದ ಕುಶಲಕರ್ಮಿ ಅವರು. ನೀರು ಸೋರದಂತೆ ವಾಲ್ವನ್ನೂ ಅದರ ಪೀಠವನ್ನೂ ಕುರಂಗದ ಪುಡಿ ಹಾಕಿ ಒಂದರ ಮೇಲೊಂದು ಅರೆಯುವ ವಿಧಾನ ಅದರಲ್ಲಿದೆ. ಡೊನಾಲ್ಡ್ ಹಿಲ್ ಅವರ ಇಂಗ್ಲಿಷ್ ಅನುವಾದ 1974ರಲ್ಲಿ ಬಂತು. ಎಂಟು ಶತಮಾನ ದಾಟಿದ ಆ ಕೆಲಸವನ್ನೇ ಕೈಗೆ ಗ್ರೀಸು ಮೆತ್ತಿದ ಹುಡುಗ ಬಿ.ಎಚ್. ರಸ್ತೆಯ ಪಕ್ಕದಲ್ಲಿ ಕುಳಿತು ಮಾಡುತ್ತಿದ್ದಾನೆ. ಇದು ಕೀಳು ಕೆಲಸವೆಂದು ಅವನಿಗೆ ಯಾರೂ ಹೇಳಬಾರದು.

ವಾಲ್ವುಗಳನ್ನು ಕೂರಿಸಿ, ಗಾಳಿದಾರಿಗೆ ಸೀಮೆಎಣ್ಣೆ ಸುರಿದು ಇಟ್ಟೆವು. ಒಂದು ಹನಿಯೂ ಕೆಳಗೆ ಇಣುಕಲಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ ಮೂರು ಸುತ್ತಿನಲ್ಲಿ ಟಾರ್ಕ್ ಪಾನಾದಿಂದ ಬಿಗಿದೆವು. ಟ್ರ್ಯಾಕ್ಟರು ಎದ್ದಿತು.

ಉಳಿದದ್ದು ಬಿರುಕು ಬಿಟ್ಟ ಹೆಡ್ಡು. ಅಂಗಡಿಯವನು ಮಾರಿದ್ದು ಮಾರಿದ್ದೇ ಎಂದುಬಿಟ್ಟಿದ್ದ. ರೈತರು ಹಿಂಜರಿಯುತ್ತಲೇ ಕೇಳಿದರು: ಮತ್ತೆ ಮೇಣ ಮೆತ್ತಿ ಬಣ್ಣ ಹೊಡೆದುಕೊಡಿ, ನಾನೂ ಯಾರಿಗಾದರೂ ಕೊಟ್ಟು ನನ್ನ ದುಡ್ಡು ಪಡೆಯುತ್ತೇನೆ. ಬರಗಾಲದ ಮಾತು ಅದು. ಅವರನ್ನು ಕೆಟ್ಟವರೆನ್ನಲು ನಮಗೆ ಮನಸ್ಸಾಗಲಿಲ್ಲ. ಪ್ರವಾದಿ ಮುಹಮ್ಮದ್(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರಸಂಗವನ್ನು ಹೇಳಿದೆವು. ಮೇಲೆ ಒಣಗಿತ್ತು, ಒಳಗೆ ಒದ್ದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಸಮಜಾಯಿಷಿ ಕೊಟ್ಟಾಗ, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು. ಕಾಳು ಒದ್ದೆಯಾದದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮಲ್ಲೂ ಹಾಗೇ ಹೇಳುತ್ತಾರೆ ಎಂದರು. ಆಮೇಲೆ ತಾವೇ ಉಳಿ ಸುತ್ತಿಗೆ ತೆಗೆದುಕೊಂಡು ಬಿರುಕಿನ ಉದ್ದಕ್ಕೂ ಆಳವಾಗಿ ಗೀರು ಹಾಕಿದರು. ಇನ್ನು ಯಾವ ಬಣ್ಣವೂ ಅದನ್ನು ಮುಚ್ಚಲಾರದು. ಅದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ನಮ್ಮ ಕೂಲಿಯಲ್ಲಿ ಅರ್ಧವನ್ನು ಮುಂದಿನ ಬೆಳೆಗೆ ಬಿಟ್ಟೆವು.

2022ರಲ್ಲಿ ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಹಾಕಲು ಬಿಡಬಾರದೆಂಬ ಕೂಗು ರಾಜ್ಯದ ಹಲವೆಡೆ ಎದ್ದದ್ದನ್ನು ನಾವು ಮರೆತಿಲ್ಲ. ಮುಸ್ಲಿಮರಲ್ಲಿ ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯನ್ನು ನಂಬಿದವರೇ ಹೆಚ್ಚೆಂದು ಸಾಚಾರ್ ಸಮಿತಿ 2006ರಲ್ಲಿಯೇ ತೋರಿಸಿತ್ತು. ಇಂಥ ದುಡಿಮೆಗೆ ನಂಬಿಕೆಯೇ ಬಂಡವಾಳ. ತನ್ನ ಹೊಟ್ಟೆಪಾಡಿನ ಇಂಜಿನ್ನನ್ನು ಒಬ್ಬ ಮನುಷ್ಯ ನಮ್ಮ ಮುಂದೆ ಬಿಚ್ಚಲು ಬಿಡುತ್ತಾನಲ್ಲ, ಅದಕ್ಕಿಂತ ದೊಡ್ಡ ಸೌಹಾರ್ದ ಸಭೆಯನ್ನು ನಾವು ಕಂಡಿಲ್ಲ.

2020ರ ಏಪ್ರಿಲ್‌ನಿಂದ ಬಿ.ಎಸ್. 6 ವಾಹನಗಳು ಬಂದ ಮೇಲೆ ಸೆನ್ಸರು, ಕಂಪ್ಯೂಟರು ಹೆಚ್ಚಿವೆ. ನಮ್ಮ ಹುಡುಗರು ಐ.ಟಿ.ಐ. ಸೇರಿ ಅದನ್ನೂ ಕಲಿಯಲಿ, ಕಲಿಯಲೇಬೇಕು. ಶಾಲೆ ಬಿಡಿಸಿ ಗ್ಯಾರೇಜಿಗೆ ತಳ್ಳುವುದು ನಿಲ್ಲಲಿ. ಹಳೇ ಹೆಡ್ಡು ಕೊಳ್ಳುವವರಿಗೆ ನಾವು ಹೇಳುವುದು ಇಷ್ಟು: ಬಣ್ಣ ಬಳಿದದ್ದನ್ನು ಕೊಳ್ಳಬೇಡಿ, ಮಸಿ ಮೆತ್ತಿದ್ದೇ ವಾಸಿ. ದುಡ್ಡು ಕೊಡುವ ಮುಂಚೆ ಒತ್ತಡದ ಪರೀಕ್ಷೆ ಮಾಡಿಸಿ. ಎಲ್ಲಕ್ಕಿಂತ ಮೊದಲು ನಿಮ್ಮದೇ ಹೆಡ್ಡನ್ನು ಒಮ್ಮೆ ತೊಳೆಸಿ ನೋಡಿ. ಒಂದು ತುಂಡು ಸೀಮೆಸುಣ್ಣಕ್ಕೆ ಎಷ್ಟು ಮಹಾ ಖರ್ಚು?